ಸ್ಟುಟ್‌ಗಾರ್ಟಿನಲ್ಲಿ ಉಳಿದು ನೋಡಿದ ಊರುಗಳು

2024ರ ಸೆಪ್ಟೆಂಬರಿನಲ್ಲಿ ಜರ್ಮನಿಗೆ ಒಬ್ಬಳೇ ಹೋದಾಗ ದಿನಕ್ಕೊಂದು ಊರು, ರಾತ್ರಿಗೊಂದು ಹೋಟೆಲು ಎಂದು ಹಾಕಿಕೊಂಡಿದ್ದ ಯೋಜನೆಯನ್ನು ಮೂರನೆಯ ದಿನವೇ ಕೈಬಿಟ್ಟೆ. ಜೊತೆಯಲ್ಲಿ ಇನ್ನೊಬ್ಬರಿದ್ದರೆ ಅವರನ್ನು ಪೆಟ್ಟಿಗೆಯ ಬಳಿ ನಿಲ್ಲಿಸಿ ಪ್ಲಾಟ್‌ಫಾರ್ಮ್ ವಿಚಾರಿಸಿಕೊಂಡು ಬರಬಹುದು. ಒಂಟಿಯಾಗಿ ಹೋದವರು ಶೌಚಾಲಯಕ್ಕೂ ಪೆಟ್ಟಿಗೆಯನ್ನು ಎಳೆದುಕೊಂಡೇ ಹೋಗಬೇಕು. ಹಾಗಾಗಿ ಸ್ಟುಟ್‌ಗಾರ್ಟಿನಲ್ಲಿ ಒಂದು ಕೋಣೆ ಹಿಡಿದು, ಬೆಳಿಗ್ಗೆ ಹೊರಟು ರಾತ್ರಿ ಮರಳುವ ಕ್ರಮವನ್ನು ಹಿಡಿದೆ.

ಇದಕ್ಕೆ ಆಧಾರವಾದದ್ದು ಡಾಯ್ಚ್‌ಲಾಂಡ್ ಟಿಕೆಟ್. ಆಗ ತಿಂಗಳಿಗೆ 49 ಯೂರೊ ಇದ್ದ ಆ ಪಾಸಿನಲ್ಲಿ ದೇಶದ ಪ್ರಾದೇಶಿಕ ರೈಲು, ಬಸ್ಸು, ಟ್ರಾಮ್‌ಗಳಲ್ಲಿ ಓಡಾಡಬಹುದಿತ್ತು. ವೇಗದ ಐಸಿಇ ರೈಲುಗಳಿಗೆ ಅದು ನಡೆಯುವುದಿಲ್ಲ. ಅದು ಚಂದಾ ಇದ್ದ ಹಾಗೆ, 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಕಡಿತವಾಗುತ್ತದೆ. ಲೆಕ್ಕ ಕ್ಯಾಲೆಂಡರ್ ತಿಂಗಳಿನದಾದ್ದರಿಂದ ತಿಂಗಳ ಆರಂಭದಲ್ಲೇ ಹೋಗುವುದು ಲಾಭ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಬ್ರೆಡ್ಡು, ಮೊಸರು, ಹಣ್ಣುಗಳನ್ನು ಶನಿವಾರವೇ ತಂದಿಟ್ಟುಕೊಳ್ಳುತ್ತಿದ್ದೆ.

ಉಲ್ಮ್‌ನಲ್ಲಿ 161 ಮೀಟರಿಗೂ ಎತ್ತರದ ಚರ್ಚಿನ ಗೋಪುರವನ್ನು ಕತ್ತೆತ್ತಿ ನೋಡಿ, ಡಾನ್ಯೂಬ್ ದಡದಲ್ಲಿ ನಡೆದು ಬಂದೆ. ಅಲ್ಲಿಗೆ ಅರ್ಧ ದಿನ ಸಾಕಾಯಿತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡ ಎಸ್ಲಿಂಗೆನ್ ಸ್ಟುಟ್‌ಗಾರ್ಟಿಗೆ ಬಹಳ ಹತ್ತಿರ, ಅದಕ್ಕೊಂದು ಸಂಜೆಯನ್ನಷ್ಟೇ ಕೊಟ್ಟೆ.

ನನ್ನ ಮನಸ್ಸು ನಿಂತದ್ದು ಸುಮಾರು ಒಂದು ಗಂಟೆಯ ದಾರಿಯ ಟ್ಯೂಬಿಂಗೆನ್‌ನಲ್ಲಿ. ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ನಮಗೆ ಕೊಟ್ಟ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ಕಣ್ಮುಚ್ಚಿದ ಊರು ಅದು. ನಾನು ಇಳಿದ ದಿನ ಮಳೆ ಹೊಡೆಯುತ್ತಿತ್ತು. ನೆಕ್ಕರ್ ನದಿಯ ಸೇತುವೆಯ ಮೇಲೆ ನಿಂತರೆ, ಕವಿ ಹೋಲ್ಡರ್ಲಿನ್ 36 ವರ್ಷ ಬಾಳಿದ ಹಳದಿ ಗೋಪುರ ಮಸುಕಾಗಿ ಕಂಡಿತೇ ಹೊರತು ಬೇರೇನೂ ಸರಿಯಾಗಿ ಕಾಣಲಿಲ್ಲ. ಹೋಟೆಲು ಬದಲಿಸುತ್ತ ಹೋಗಿದ್ದರೆ ನನ್ನ ಪಾಲಿನ ಟ್ಯೂಬಿಂಗೆನ್ ಅಷ್ಟೇ ಆಗಿರುತ್ತಿತ್ತು. ಪಾಸು ಕೈಯಲ್ಲಿದ್ದುದರಿಂದ ಎರಡು ದಿನ ಬಿಟ್ಟು, ಬಿಸಿಲು ಬಂದಾಗ, ಮತ್ತೆ ಹೋದೆ. ನದಿಯ ನಡುವಿನ ದ್ವೀಪದಲ್ಲಿ ಸಾಲಾಗಿ ನಿಂತ ಹಳೆಯ ಪ್ಲೇನ್ ಜಾತಿಯ ಮರಗಳ ಕೆಳಗಿನ ಬೆಂಚಿನಲ್ಲಿ ಕುಳಿತು, ಚಪ್ಪಟೆ ದೋಣಿಗಳನ್ನು ಉದ್ದದ ಗಳುವಿನಿಂದ ತಳ್ಳಿಕೊಂಡು ಹೋಗುವವರನ್ನು ನೋಡುತ್ತಿದ್ದೆ. ಗಳುವನ್ನು ಮೇಲೆತ್ತಿದಾಗಲೆಲ್ಲ ನೀರು ಹನಿಹನಿಯಾಗಿ ಸುರಿದು ದೋಣಿಯ ಅಂಚು ನೆನೆಯುತ್ತಿತ್ತು. ಹೋಲ್ಡರ್ಲಿನ್ ಆ ಗೋಪುರದಲ್ಲಿ ಸತ್ತದ್ದೂ ‘ಮಂಗಳೂರ ಸಮಾಚಾರ’ ಹೊರಟ 1843ರಲ್ಲೇ ಎಂಬುದು ಅಲ್ಲಿ ಹೊಳೆದು, ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ.