ಬೆಳದಿಂಗಳಲ್ಲಿ ಕಯೋಟಿ ಶಿಕಾರಿ: ತಿಥಿಗಿಂತ ಚಂದ್ರ ಹುಟ್ಟುವ ಹೊತ್ತು ಮುಖ್ಯ

ಕಯೋಟಿ ಅಂದ್ರೆ ಉತ್ತರ ಅಮೆರಿಕದ, ತೋಳಕ್ಕಿಂತ ಸಣ್ಣದಾದ ನಾಯಿ ಜಾತಿಯ ಕಾಡುಪ್ರಾಣಿ. ಹುಣ್ಣಿಮೆ ರಾತ್ರಿ ಕಯೋಟಿ ಬರಲ್ಲ, ಸುಮ್ನೆ ಮನೇಲಿ ಮಲಗು ಅಂತ ಒಬ್ಬರು ಹೇಳುತ್ತಾರೆ. ಹುಣ್ಣಿಮೆಯೇ ಒಳ್ಳೇದು, ಬಯಲೆಲ್ಲಾ ಕಾಣುತ್ತೆ ಅಂತಾರೆ ಇನ್ನೊಬ್ಬರು. ಅಮೆರಿಕದಲ್ಲಿ ಕಯೋಟಿ ಶಿಕಾರಿ ಮಾಡುವವರ ನಡುವೆ ಈ ಜಗಳ ಮುಗಿಯುವಂಥದ್ದಲ್ಲ. ನನಗನ್ನಿಸುವುದು, ಇಬ್ಬರೂ ಕ್ಯಾಲೆಂಡರ್ ನೋಡಿ ಮಾತಾಡುತ್ತಿದ್ದಾರೆ. ಚಂದ್ರ ಎಷ್ಟು ಗಂಟೆಗೆ ಹುಟ್ಟುತ್ತಾನೆ, ಯಾವಾಗ ಮುಳುಗುತ್ತಾನೆ, ನೀವು ಕೂತ ಹೊತ್ತಿಗೆ ಎಷ್ಟು ಎತ್ತರದಲ್ಲಿರುತ್ತಾನೆ, ಮೋಡ ಇದೆಯೋ ಇಲ್ಲವೋ ಅನ್ನುವುದು ಗೊತ್ತಿದ್ದರೆ ಆ ರಾತ್ರಿ ಎಲ್ಲಿ ಕೂರಬೇಕು, ಯಾವಾಗ ಕೂರಬೇಕು ಅಂತ ತಾನಾಗಿ ಗೊತ್ತಾಗುತ್ತೆ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡೋಣ. ಇಲ್ಲಿ ಬರೆದಿರುವುದೆಲ್ಲ ಉತ್ತರ ಅಮೆರಿಕಕ್ಕೆ ಮಾತ್ರ, ಭಾರತದಲ್ಲಿ ನರಿ, ತೋಳದ ಶಿಕಾರಿಗೆ ಅವಕಾಶವಿಲ್ಲ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಕಯೋಟಿಗೆ ವರ್ಷವಿಡೀ ಸೀಸನ್, ಎಷ್ಟು ಹೊಡೆಯಬಹುದು ಅನ್ನುವ ಮಿತಿಯೂ ಇಲ್ಲ. ಆದರೆ ರಾತ್ರಿ ಹೊಡೆಯಬಹುದಾ, ಲೈಟ್ ಬಳಸಬಹುದಾ, ಥರ್ಮಲ್ ಸ್ಕೋಪ್ (ಮೈಯ ಶಾಖದಿಂದ ಪ್ರಾಣಿಯನ್ನು ತೋರಿಸುವ ದುರ್ಬೀನು) ಸರಿಯಾ ಅನ್ನುವುದು ರಾಜ್ಯಕ್ಕೊಂದು ಥರ. ಟ್ರ್ಯಾಪ್ ವಿಷಯದಲ್ಲಂತೂ ಇನ್ನೂ ಜಾಸ್ತಿ ವ್ಯತ್ಯಾಸ. ಕೊಲರಾಡೋದಲ್ಲಿ 1996ರಲ್ಲಿ ಮತದಾರರೇ ಕಾಲು ಹಿಡಿಯುವ ಟ್ರ್ಯಾಪ್‌ಗಳನ್ನು ಬಹುಪಾಲು ನಿಲ್ಲಿಸಿದರು. ಕ್ಯಾಲಿಫೋರ್ನಿಯಾ 2019ರ ಕಾಯ್ದೆಯಲ್ಲಿ ತುಪ್ಪಳಕ್ಕಾಗಿ ಟ್ರ್ಯಾಪ್ ಹಾಕುವುದನ್ನು ನಿಷೇಧಿಸಿತು. ನ್ಯೂ ಮೆಕ್ಸಿಕೋದ ಸಾರ್ವಜನಿಕ ಜಮೀನಿನಲ್ಲಿ 2022ರಿಂದ ಟ್ರ್ಯಾಪ್ ಇಡುವಂತಿಲ್ಲ. ಉತ್ತರ ಕೆರೊಲಿನಾದ ಪೂರ್ವಕ್ಕಿರುವ ಐದು ಕೌಂಟಿಗಳಲ್ಲಿ ಅಳಿವಿನಂಚಿನಲ್ಲಿರುವ ಕೆಂಪು ತೋಳ ಉಳಿದುಕೊಂಡಿರುವುದರಿಂದ ಕಯೋಟಿ ಶಿಕಾರಿಗೆ ಬೇರೆಯೇ ನಿಯಮ. ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆ ಪ್ರತಿ ವರ್ಷ ಹೊರಡಿಸುವ ಕೈಪಿಡಿಯನ್ನು ಓದಿ. ಹೋದ ವರ್ಷದ್ದು ನಂಬಬೇಡಿ. ಜಮೀನಿನ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲೇ ತಗೊಳ್ಳಿ.

ಈಗ ಚಂದ್ರನ ಲೆಕ್ಕ. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸುಮಾರು 29.5 ದಿನ. ದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟಿ, ಬೆಳಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಮುಳುಗುತ್ತಾನೆ. ಶುಕ್ಲ ಪಕ್ಷದ ಅಷ್ಟಮಿಯ ಅರ್ಧ ಚಂದ್ರ ನಡುರಾತ್ರಿಯ ಆಸುಪಾಸಿಗೆ ಮುಳುಗಿಬಿಡುತ್ತಾನೆ, ಕೃಷ್ಣ ಪಕ್ಷದ ಅಷ್ಟಮಿಯವನು ಹುಟ್ಟುವುದೇ ಆಗ. ಅರ್ಧ ಚಂದ್ರ ಅಂದ್ರೆ ಅರ್ಧ ಬೆಳಕು ಅಂದುಕೊಳ್ಳಬೇಡಿ. ಪೂರ್ಣ ಚಂದ್ರನ ಸುಮಾರು ಹತ್ತನೇ ಒಂದು ಭಾಗ ಅಷ್ಟೇ, ಯಾಕಂದ್ರೆ ಆಗ ಬಿಸಿಲು ಚಂದ್ರನ ಮೇಲೆ ಓರೆಯಾಗಿ ಬಿದ್ದು ಅಲ್ಲಿನ ಗುಂಡಿ, ಗುಡ್ಡಗಳ ನೆರಳೇ ತುಂಬಿರುತ್ತದೆ. ಹಾಗಾಗಿ ಪ್ರಾಣಿಗಳ ನಡೆ ಬದಲಾಗುವಷ್ಟು ಬೆಳಕು ಇರುವುದು ಹುಣ್ಣಿಮೆಯ ಹಿಂದೆ ಮುಂದೆ ಕೆಲವೇ ದಿನ. ಉಳಿದ ದಿನಗಳಲ್ಲಿ ಚಂದ್ರನ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಬೆಳದಿಂಗಳಿಗೆ ಮೊದಲು ಬದಲಾಗುವುದು ಕಯೋಟಿ ಅಲ್ಲ, ಅದರ ಊಟ. ನೈಋತ್ಯದ ಮರುಭೂಮಿಗಳಲ್ಲಿರುವ ಕಾಂಗರೂ ಇಲಿಗಳು ಬೆಳಕಿನ ರಾತ್ರಿ ಬಯಲಿಗೆ ಬರುವುದನ್ನು ಕಡಿಮೆ ಮಾಡಿ ಪೊದೆಯ ಅಡಿಯಲ್ಲೇ ಮೇಯುತ್ತವೆ. ಮೊಂಟಾನಾದಲ್ಲಿ ಹಿಮಮೊಲಗಳ ಮೇಲೆ ನಡೆದ ಅಧ್ಯಯನದಲ್ಲಿ, ನೆಲದ ಮೇಲೆ ಹಿಮ ಇದ್ದಾಗ ಅವು ಹುಣ್ಣಿಮೆಯ ಸುಮಾರಿಗೆ ಓಡಾಟ ಕಡಿಮೆ ಮಾಡಿದವು, ಹಾಗಿದ್ದೂ ಆ ದಿನಗಳಲ್ಲೇ ಜಾಸ್ತಿ ಸತ್ತವು. ಇದರಲ್ಲಿ ನಮಗೆ ಬೇಕಾದ್ದು ಎರಡು ವಿಷಯ. ಊಟ ಬಯಲಿನಿಂದ ಅಂಚಿಗೆ ಸರಿಯುತ್ತದೆ, ಕಯೋಟಿಯೂ ಅದರ ಹಿಂದೆ ಅಂಚಿಗೆ ಹೋಗುತ್ತದೆ. ಮತ್ತೆ, ಬೆಳಕಿದ್ದರೆ ಬೇಟೆಯಾಡುವ ಪ್ರಾಣಿಗೆ ನಷ್ಟವೇನಿಲ್ಲ. ಕಯೋಟಿಯ ಕಣ್ಣಿನೊಳಗೆ ಹಿಂಬದಿಯಲ್ಲಿ ಬೆಳಕನ್ನು ತಿರುಗಿ ಹೊಡೆಯುವ ಒಂದು ಪದರ ಇದೆ, ರಾತ್ರಿ ಟಾರ್ಚ್ ಬಿಟ್ಟಾಗ ಹೊಳೆಯುವುದು ಅದೇ. ನಮಗೆ ಮಬ್ಬು ಅನ್ನಿಸುವಲ್ಲಿ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಹುಣ್ಣಿಮೆಯಂದು ನೀವು ಕಾಲು ಆಡಿಸಿದರೂ ದೂರದಿಂದಲೇ ಕಂಡುಹಿಡಿಯುತ್ತದೆ. ‘ಹುಣ್ಣಿಮೆಯಂದು ಬರಲ್ಲ’ ಅನ್ನುವವರಲ್ಲಿ ಅರ್ಧ ಜನರ ಹತ್ತಿರ ಕಯೋಟಿ ಬಂದಿರುತ್ತದೆ, ಇವರನ್ನು ಮೊದಲು ನೋಡಿ ವಾಪಸ್ ಹೋಗಿರುತ್ತದೆ, ಅಷ್ಟೇ.

ಯಾವ ಹೊತ್ತಿಗೆ ಹೋಗಬೇಕು? ಹುಣ್ಣಿಮೆಗೆ ಎರಡು ದಿನ ಮುಂಚೆ ಚಂದ್ರ ಸಂಜೆಗೆ ಮೊದಲೇ ಮೇಲಿರುತ್ತಾನೆ, ಆದರೆ ಬೆಳಗಾಗುವ ಮೊದಲೇ ಮುಳುಗುತ್ತಾನೆ. ಹಾಗಾಗಿ ಬೆಳಗಿನ ಜಾವದಲ್ಲಿ ಒಂದಿಷ್ಟು ಹೊತ್ತು ಗಾಢ ಕತ್ತಲೆ ಸಿಗುತ್ತದೆ. ಹುಣ್ಣಿಮೆ ಕಳೆದು ಎರಡು ದಿನವಾದ ಮೇಲೆ ಇದು ತಿರುಗಾಮುರುಗಾ: ಸಂಜೆ ಕತ್ತಲಾದ ಮೇಲೆ ಚಂದ್ರ ಹುಟ್ಟುವ ತನಕ ಕತ್ತಲೆ, ಆಮೇಲೆ ಬೆಳಗಿನವರೆಗೂ ಬೆಳಕು. ಬೆಳಕಿಗೆ ಅಡಗಿದ್ದ ಇಲಿ, ಮೊಲ ಬಯಲಿಗೆ ಬರುವುದು ಇಂಥ ಕತ್ತಲೆಯ ಹೊತ್ತಿನಲ್ಲೇ, ನಾನೂ ಕೂರುವುದು ಆಗಲೇ. ಒಂದು ಎಚ್ಚರಿಕೆ, 50 ನಿಮಿಷ ಅನ್ನುವುದು ಸರಾಸರಿ. ಉತ್ತರದ ರಾಜ್ಯಗಳಲ್ಲಿ ಸೆಪ್ಟೆಂಬರ್ ಸುಮಾರಿನ ಹುಣ್ಣಿಮೆಯ ನಂತರ ದಿನಕ್ಕೆ ಅರ್ಧ ಗಂಟೆಗಿಂತ ಕಡಿಮೆ ತಡವಾಗಬಹುದು, ಮಾರ್ಚ್ ಹೊತ್ತಿಗೆ ಒಂದು ಗಂಟೆಗೂ ಮೀರುತ್ತದೆ. ಆ ದಿನದ ಚಂದ್ರೋದಯದ ಸಮಯವನ್ನು ಫೋನಿನಲ್ಲಿ ನೋಡಿಕೊಂಡೇ ಹೊರಡಿ.

ನಡುರಾತ್ರಿಯ ಹುಣ್ಣಿಮೆ ಬೇರೆಯೇ ಕಥೆ. ಚಳಿಗಾಲದಲ್ಲಿ ಸೂರ್ಯ ಕೆಳಗೆ ಸಾಗಿದರೆ ಹುಣ್ಣಿಮೆಯ ಚಂದ್ರ ಮೇಲೆ ಸಾಗುತ್ತಾನೆ, ಹೆಚ್ಚು ಕಡಿಮೆ ಬೇಸಿಗೆಯ ನಡುಹಗಲಿನ ಸೂರ್ಯನಷ್ಟು ಎತ್ತರ. ನೆರಳು ಕುಗ್ಗಿ ಕಾಲ ಬುಡಕ್ಕೆ ಬರುತ್ತದೆ. ನೆಲದ ಮೇಲೆ ಹಿಮವೂ ಇದ್ದರೆ ಅಡಗಲು ಜಾಗವೇ ಇರುವುದಿಲ್ಲ. ಆಗ ದಟ್ಟ ಮರಗಳ ಅಡಿ, ಹುಲ್ಲಿನ ರಾಶಿಯ ನೆರಳು, ಹಳ್ಳದ ದಂಡೆ ಇಂಥ ಕಡೆ ಮಾತ್ರ ಕೂರಿ. ಹಿಮದಲ್ಲಿ ಬಿಳಿ ಬಟ್ಟೆ. ಚಂದ್ರ ನಿಮ್ಮ ಬೆನ್ನ ಹಿಂದೆ ಇರಲಿ, ನೀವು ನೆರಳಲ್ಲಿರಿ. ಎರಡೂ ಬೇಕು. ಬೆನ್ನಿಗೆ ಚಂದ್ರ ಇದ್ದು ಬಯಲಲ್ಲಿ ಕೂತರೆ ಏನೂ ಪ್ರಯೋಜನವಿಲ್ಲ. ನಡೆದು ಹೋಗುವಾಗಲೂ ದಿಣ್ಣೆಯ ನೆತ್ತಿ ಹತ್ತಬೇಡಿ, ಆಕಾಶದ ಎದುರು ಕಪ್ಪಗೆ ಕಾಣುತ್ತೀರಿ.

ಚಂದ್ರನಿಗೂ ಗಾಳಿಗೂ ಹೊಂದಿಕೆಯಾಗದಿದ್ದರೆ ಗಾಳಿಯ ಮಾತೇ ಕೇಳಿ. ಕಯೋಟಿಯನ್ನು ಹತ್ತಿರ ಸೆಳೆಯಲು ಪ್ರಾಣಿಗಳ ಕೂಗನ್ನು ಅನುಕರಿಸುವುದಕ್ಕೆ ಕರೆ ಅಂತಾರೆ. ಕರೆಗೆ ಬರುವ ಕಯೋಟಿ ನೇರ ಬರುವುದು ಕಡಿಮೆ, ಸುತ್ತು ಹಾಕಿ ಗಾಳಿ ಹೋಗುವ ದಿಕ್ಕಿಗೆ ಬಂದು ಮೂಸಿ ನೋಡುತ್ತದೆ. ಆ ದಿಕ್ಕು ನಿಮಗೆ ಕಾಣುವ ಬಯಲಾಗಿರಬೇಕು. ಗಾಳಿ ಅಡ್ಡಡ್ಡ ಬೀಸುವಂತೆ ಕೂರುವುದು ಒಳ್ಳೆಯದು. ಗಾಳಿಯೇ ಇಲ್ಲದ ಶುಭ್ರ ರಾತ್ರಿ ಬಂತು ಅಂದ್ರೆ ಇನ್ನೊಂದು ತೊಂದರೆ ಇದೆ, ತುಂಬಾ ಜನ ಇದನ್ನು ಮರೆಯುತ್ತಾರೆ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಇಳಿಜಾರಿನಲ್ಲಿ ನೀರಿನಂತೆ ಕೆಳಗೆ ಹರಿಯುತ್ತದೆ, ನಿಮ್ಮ ಮೈವಾಸನೆಯನ್ನೂ ಹೊತ್ತುಕೊಂಡು. ಗುಡ್ಡದ ಮೇಲೆ ಕೂತು ಕೆಳಗಿನ ಹಳ್ಳಕ್ಕೆ ಕರೆ ಕೊಟ್ಟರೆ, ಕರೆಯ ಹಿಂದೆಯೇ ವಾಸನೆಯೂ ಹೋಗುತ್ತದೆ. ಅಂಥ ರಾತ್ರಿ ಕೆಳಗಿನಿಂದ ಹೋಗಿ ಪಕ್ಕದಲ್ಲಿ ಕೂರಿ.

ಕರೆಗೆ ಗಾಯಗೊಂಡ ಮೊಲದ ಕೂಗು ಸಾಕು. ಬಾಯಲ್ಲಿ ಊದುವುದಾಗಲಿ, ಎಲೆಕ್ಟ್ರಾನಿಕ್ ಕಾಲರ್ (ಕೂಗಿನ ರೆಕಾರ್ಡಿಂಗ್ ನುಡಿಸುವ ಯಂತ್ರ) ಆಗಲಿ, ಮೊದಲು ಸಣ್ಣ ದನಿಯಲ್ಲಿ ಶುರು ಮಾಡಿ. ತಣ್ಣನೆಯ ನಿಶ್ಶಬ್ದ ರಾತ್ರಿಯಲ್ಲಿ ಸದ್ದು ನೀವಂದುಕೊಂಡದ್ದಕ್ಕಿಂತ ದೂರ ಹೋಗುತ್ತದೆ. ಜನವರಿಯಿಂದ ಮಾರ್ಚ್ ಜೋಡಿ ಕೂಡುವ ಕಾಲ, ಆಗ ಊಳಿಡುವ ಕರೆ ಚೆನ್ನಾಗಿ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಒಂದು ಕಡೆ 15-20 ನಿಮಿಷ ಕೂತರೆ ಸಾಕು ಅಂತಾರೆ. ಬೆಳಕಿನ ರಾತ್ರಿ ನಾನು ಅರ್ಧ ಗಂಟೆ ಕೊಡುತ್ತೇನೆ, ಯಾಕಂದ್ರೆ ಬಯಲು ದಾಟದೆ ಅಂಚು ಹಿಡಿದು ಬರುವುದಕ್ಕೆ ಜಾಸ್ತಿ ಹೊತ್ತು ಬೇಕು. ಕಾಲರ್ ಯಂತ್ರವನ್ನು ನಿಮ್ಮಿಂದ ದೂರ, ಬೆಳಕು ಬೀಳುವ ಜಾಗದಲ್ಲಿಡಿ. ಕಯೋಟಿಯ ನೋಟವೆಲ್ಲ ಆ ಕಡೆಗಿರುತ್ತದೆ. ಏಪ್ರಿಲ್, ಮೇ ಮರಿಗಳ ಕಾಲ. ಕಯೋಟಿ ಕುರಿ, ಕರು ಹಿಡಿಯುತ್ತಿದ್ದರೆ ಬೇರೆ ಮಾತು, ಇಲ್ಲದಿದ್ದರೆ ಆಗ ಬಂದೂಕು ಒಳಗಿಡುವುದೇ ಸರಿ ಅಂತ ನನ್ನ ಅಭಿಪ್ರಾಯ.

ಥರ್ಮಲ್ ಸ್ಕೋಪ್ ಇದ್ದವರು ಚಂದ್ರ ನಮಗೆ ಲೆಕ್ಕಕ್ಕಿಲ್ಲ ಅಂತಾರೆ. ಅರ್ಧ ನಿಜ. ಥರ್ಮಲ್ ನೋಡುವುದು ಶಾಖವನ್ನು, ಬೆಳಕನ್ನಲ್ಲ. ಮಂಜು, ತೇವ ಅದಕ್ಕೆ ತೊಂದರೆ ಕೊಡುತ್ತದೆ, ಕತ್ತಲೆ ಕೊಡುವುದಿಲ್ಲ. ಆದರೆ ಕಯೋಟಿ ನಿಮ್ಮನ್ನು ನೋಡುವುದು ಥರ್ಮಲ್‌ನಲ್ಲಿ ಅಲ್ವಲ್ಲ. ಲೈಟ್ ಬಳಸುವವರು ಕೆಂಪು ಬಣ್ಣದ್ದು ತಗೊಳ್ಳಿ, ನಾಯಿ ಜಾತಿಯ ಕಣ್ಣಿಗೆ ಕೆಂಪು ಸರಿಯಾಗಿ ತೋರುವುದಿಲ್ಲ. ಯಾವುದೇ ಇರಲಿ, ಹೊಳೆಯುವ ಕಣ್ಣಿಗೆ ಗುಂಡು ಹೊಡೆಯಬೇಡಿ. ದನ, ಜಿಂಕೆ, ಪಕ್ಕದ ಜಮೀನಿನ ನಾಯಿ, ಎಲ್ಲವುದರ ಕಣ್ಣೂ ಹೊಳೆಯುತ್ತದೆ. ಇಡೀ ಮೈ ಕಾಣಬೇಕು, ಅದರ ಹಿಂದೆ ಏನಿದೆ ಅಂತಲೂ ಗೊತ್ತಿರಬೇಕು. ತೋಳ ಇರುವ ರಾಜ್ಯಗಳಲ್ಲಿ ಇನ್ನೂ ಜಾಗ್ರತೆ. ಕಯೋಟಿ ಸಾಮಾನ್ಯವಾಗಿ 9ರಿಂದ 20 ಕೆಜಿ, ಚೂಪು ಮೂತಿ, ಮೈಗೆ ಹೋಲಿಸಿದರೆ ದೊಡ್ಡ ಕಿವಿ. ಬೂದು ತೋಳ ಅದಕ್ಕಿಂತ ಎಷ್ಟೋ ದೊಡ್ಡದು, ಮೂತಿ ಅಗಲ. ಒಂಟಿಯಾಗಿ ದೂರದಲ್ಲಿ ನಿಂತಾಗ ಗಾತ್ರ ತಿಳಿಯುವುದಿಲ್ಲ. ಅನುಮಾನ ಬಂದರೆ ಬಿಟ್ಟುಬಿಡಿ.

ಟ್ರ್ಯಾಪ್ ಹಾಕುವವರಿಗೆ ಬರೋಣ. ಹುಣ್ಣಿಮೆಯಲ್ಲಿ ಟ್ರ್ಯಾಪ್‌ಗೆ ಬೀಳಲ್ಲ ಅಂತ ದೂರುವವರು ಬೆಳಗ್ಗೆ ಹೋಗಿ ಮೊದಲು ಮಣ್ಣು ಮುಟ್ಟಿ ನೋಡಬೇಕು. ಬೆಳದಿಂಗಳು ಚೆನ್ನಾಗಿದೆ ಅಂದ್ರೆ ಮೋಡ ಇಲ್ಲ, ಮೋಡ ಇಲ್ಲ ಅಂದ್ರೆ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುತ್ತದೆ. ಪ್ಯಾನ್ (ಕಾಲಿಟ್ಟರೆ ಟ್ರ್ಯಾಪ್ ಮುಚ್ಚಿಕೊಳ್ಳುವ ನಡುವಿನ ತಟ್ಟೆ) ಮೇಲಿನ ಮಣ್ಣು ಕಲ್ಲಾಗಿರುತ್ತದೆ, ಕಯೋಟಿ ಅದರ ಮೇಲೇ ನಿಂತು ಮೂಸಿ ಹೋಗಿರುತ್ತದೆ. ತಪ್ಪೆಲ್ಲ ಚಂದ್ರನ ತಲೆಗೆ! ಇದಕ್ಕೆ ಮೇಣ ಬೆರೆಸಿದ ಒಣ ಮಣ್ಣು ಅಥವಾ ಒಣ ಪೀಟ್ ಮಾಸ್ (ಒಣಗಿಸಿದ ಪಾಚಿಯ ಪುಡಿ) ಬಳಸಿ, ಟ್ರ್ಯಾಪ್‌ನ ಕೆಳಗೂ ಮೇಲೂ. ಉಪ್ಪು ಹಾಕಿದರೂ ಹೆಪ್ಪುಗಟ್ಟುವುದು ಕಡಿಮೆಯಾಗುತ್ತದೆ, ಆದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ.

ಜಾಗವೇ ಮುಕ್ಕಾಲು ಕೆಲಸ. ಹೊಲದ ಮೂಲೆ, ಎರಡು ಬಂಡಿದಾರಿ ಸೇರುವಲ್ಲಿ, ಬೇಲಿಯ ಸಂದು, ಹಳ್ಳ ದಾಟುವ ಜಾಗ. ಹೆಜ್ಜೆ ಗುರುತು, ಹಿಕ್ಕೆ ಹುಡುಕಿ. ದಾರಿಗೆ ಯಾವ ಕಡೆಯಿಂದ ಗಾಳಿ ಬರುತ್ತದೋ ಆ ಕಡೆ ಟ್ರ್ಯಾಪ್ ಇಟ್ಟರೆ ವಾಸನೆ ದಾರಿಯ ಮೇಲೆ ಹಾಯುತ್ತದೆ. ಎಲ್ಲಕ್ಕಿಂತ ಚಾಲ್ತಿಯಲ್ಲಿರುವುದು ಡರ್ಟ್ ಹೋಲ್ ಸೆಟ್: ಒಂದು ಹುಲ್ಲಿನ ಕಂತೆಯೋ ಕಲ್ಲೋ ಹಿಂದೆ ಇರುವಂತೆ, ಸುಮಾರು 3 ಇಂಚು ಅಗಲದ ಗುಂಡಿಯನ್ನು ಓರೆಯಾಗಿ ಗೇಣುದ್ದ ತೋಡಿ, ತಳಕ್ಕೆ ಆಮಿಷ ಹಾಕಿ, ಬಾಯಲ್ಲಿ ಒಂದಿಷ್ಟು ಕಯೋಟಿ ಉಚ್ಚೆ ಚಿಮುಕಿಸುವುದು. ಗುಂಡಿಯಿಂದ 8-9 ಇಂಚು ಈಚೆಗೆ, ಸ್ವಲ್ಪ ಪಕ್ಕಕ್ಕೆ ಪ್ಯಾನ್ ಬರಬೇಕು. ಟ್ರ್ಯಾಪ್ ಎಳ್ಳಷ್ಟೂ ಅಲುಗಾಡಬಾರದು. ಕಾಲಿಟ್ಟಾಗ ಅಲುಗಿದರೆ ಕಯೋಟಿ ಅದನ್ನು ಕೆದರಿ ಹೊರಗೆ ಹಾಕುತ್ತದೆ. ಮೇಲೆ ಜರಡಿ ಹಿಡಿದ ಮಣ್ಣು ತೆಳ್ಳಗೆ. ಪ್ಯಾನ್ ಬಿಗಿತ 2ರಿಂದ 4 ಪೌಂಡ್ ಇಟ್ಟರೆ ಸಣ್ಣ ಪ್ರಾಣಿಗಳು ಸಿಕ್ಕಿಹಾಕಿಕೊಳ್ಳುವುದು ಕಡಿಮೆ.

ಬೆಳದಿಂಗಳಿಗೆ ಇಲ್ಲಿ ಎರಡೇ ಬದಲಾವಣೆ. ಟ್ರ್ಯಾಪ್ ಅನ್ನು ಬಯಲ ನಡುವಿನಿಂದ ನೆರಳಿನ ಅಂಚಿಗೆ ಸರಿಸಿ. ಮತ್ತೆ ಹೊಳೆಯುವುದೇನೂ ಹೊರಗಿರಬಾರದು: ಹೊಸ ಟ್ರ್ಯಾಪ್ ಆದ್ರೆ ಮೊದಲೇ ಬಣ್ಣ ಹಾಕಿ ಕುದಿಸಿ ಮೇಣ ಹಚ್ಚಿ, ಸರಪಳಿ ಹೂತುಹಾಕಿ. ತೋಡಿದ ಹಸಿ ಮಣ್ಣು ಬೇರೆ ಬಣ್ಣದ್ದಾದರೆ ದೂರ ಒಯ್ದು ಸುರಿಯಿರಿ.

ದಿನಕ್ಕೊಮ್ಮೆ, ಬೆಳಗಾಗುತ್ತಲೇ ನೋಡಿ ಬನ್ನಿ. ಕೆಲವು ರಾಜ್ಯಗಳ ನಿಯಮ ಇದಕ್ಕಿಂತ ಸಡಿಲ ಇದೆ, ಆದರೂ ಪ್ರಾಣಿಯನ್ನು ಹಾಗೆ ಬಿಟ್ಟಿರುವುದು ತಪ್ಪು. ಸಿಕ್ಕ ಕಯೋಟಿಯನ್ನು .22 ಬಂದೂಕಿನ ಸಣ್ಣ ಗುಂಡಿನಿಂದ ತಡಮಾಡದೆ ಮುಗಿಸಿ. ನಾಯಿ ಅಥವಾ ಬೇರೆ ಪ್ರಾಣಿ ಸಿಕ್ಕಿದ್ದರೆ ಬಿಡಿಸಲು ಉದ್ದ ಕೋಲಿನ ಕುಣಿಕೆ ಗಾಡಿಯಲ್ಲಿ ಯಾವಾಗಲೂ ಇರಲಿ, ಜನ ನಾಯಿ ಕರಕೊಂಡು ಓಡಾಡುವ ಕಡೆ ಟ್ರ್ಯಾಪ್ ಬೇಡವೇ ಬೇಡ. ಚರ್ಮ ಸುಲಿಯುವಾಗ ರಬ್ಬರ್ ಕೈಗವಸು ಹಾಕಿಕೊಳ್ಳಿ, ರೇಬಿಸ್ ಮತ್ತು ಹುಳುಗಳ ಭಯ ಇದೆ. ಕೂದಲು ಉದುರಿ ಚರ್ಮ ಕಜ್ಜಿಗಟ್ಟಿದ ಪ್ರಾಣಿ ಸಿಕ್ಕರೆ ಅದನ್ನು ಸುಲಿಯುವ ಗೋಜಿಗೇ ಹೋಗಬೇಡಿ, ಮನೆಯ ನಾಯಿಗೂ ಹತ್ತುತ್ತದೆ.