ಸೂಪರ್‌ಫಂಡ್ ಸೈಟ್ ಅಂದರೆ 30-40 ಸೈಟ್ ಅಲ್ಲ

ಹೋದ ತಿಂಗಳು ಒಂದು ರಾತ್ರಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಿಂದ ತಂಗಿಯ ಮಗ ಫೋನ್ ಮಾಡಿದ. "ಮಾಮ, ಒಂದು ಮನೆ ನೋಡಿದ್ದೀವಿ. ಹತ್ತಿರದಲ್ಲೇ ಸೂಪರ್‌ಫಂಡ್ ಸೈಟ್ ಇದೆ ಅಂತ ಪೇಪರಿನಲ್ಲಿದೆ. ಇಲ್ಲೆಲ್ಲಾ ಇದು ಮಾಮೂಲು ಅಂತಾನೆ ಏಜೆಂಟು."

ಮಂಡ್ಯದಿಂದ ಅದೇ ಕಾಲ್‌ನಲ್ಲಿದ್ದ ತಂಗಿ ಬಾಯಿ ಹಾಕಿದಳು. "ಫಂಡೂ ಇದೆ, ಸೈಟೂ ಇದೆ. ಒಳ್ಳೇದೇ ಅಲ್ವಾ ಅಣ್ಣಾ?"

ನಕ್ಕೆವು. ಆದರೆ ಆ ಹುಡುಗನಿಗೂ ಅಮ್ಮನಿಗಿಂತ ಜಾಸ್ತಿ ಏನೂ ಗೊತ್ತಿರಲಿಲ್ಲ. ಸೂಪರ್‌ಫಂಡ್ ಸೈಟ್ ಅಂದರೆ ವಿಷ ರಾಸಾಯನಿಕದಿಂದ ಕೆಟ್ಟುಹೋಗಿ, ಅಲ್ಲಿನ ಸರ್ಕಾರ ಶುದ್ಧ ಮಾಡಿಸಬೇಕು ಅಂತ ಪಟ್ಟಿಗೆ ಹಾಕಿರುವ ಜಾಗ. ನಾನು ಹತ್ತೊಂಬತ್ತು ವರ್ಷ ಅಮೆರಿಕದಲ್ಲಿದ್ದು ಈಗ ಮೈಸೂರಿನ ಕುವೆಂಪುನಗರಕ್ಕೆ ವಾಪಸ್ ಬಂದಿದ್ದೇನೆ. ಮನೆ ಕೊಳ್ಳುವ ನಮ್ಮ ಹುಡುಗರು ಇಂಥ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಅದಕ್ಕೇ ಒಮ್ಮೆ ಬರೆದುಬಿಡೋಣ ಅನ್ನಿಸಿತು.

ನಮಗೆ ಕೊಳಕು ಗೊತ್ತಾಗುವುದು ಮೂಗಿನಿಂದ. ಗಾಳಿ ತಿರುಗಿದರೆ ವಿದ್ಯಾರಣ್ಯಪುರಂನ ಸೂಯೇಜ್ ಫಾರಂ ಎಲ್ಲಿದೆ ಅಂತ ಯಾರೂ ಹೇಳಬೇಕಾಗಿಲ್ಲ. ಆಲೆಮನೆಯ ಒಲೆಗೆ ಟೈರು, ಪ್ಲಾಸ್ಟಿಕ್ ಹಾಕಿದರೆ ಮಂಡ್ಯದ ಕಡೆಯ ಮಕ್ಕಳೂ ಹೊಗೆ ನೋಡಿಯೇ ಹೇಳುತ್ತಾರೆ. ಅಮೆರಿಕದಲ್ಲಿ ಈ ಮೂಗು ಕೆಲಸಕ್ಕೆ ಬರುವುದಿಲ್ಲ. ಮೇಲೆ ಕತ್ತರಿಸಿದ ಹುಲ್ಲು, ಗುಲಾಬಿ ಗಿಡ. ವಿಷ ಇರುವುದು ಕೆಳಗೆ. ಅದರ ಬಗ್ಗೆ ಎಲ್ಲವೂ ಕಾಗದದಲ್ಲಿರುತ್ತದೆ, ಯಾರು ಬೇಕಾದರೂ ಓದಬಹುದು. ಆದರೆ ನಿಮ್ಮನ್ನು ಕರೆದು ಯಾರೂ ಓದಿಸುವುದಿಲ್ಲ.

ಸೂಪರ್‌ಫಂಡ್ ಅನ್ನುವ ಕಾನೂನು ಹುಟ್ಟಿದ ಕತೆ ಕೇಳಿ. ನ್ಯೂಯಾರ್ಕ್ ರಾಜ್ಯದ ನಯಾಗರ ಫಾಲ್ಸ್ ಊರಿನಲ್ಲಿ ಲವ್ ಕೆನಾಲ್ ಅಂತ ಒಂದು ಹಳೆಯ ಕಾಲುವೆ. ಹೂಕರ್ ಕೆಮಿಕಲ್ ಕಂಪನಿ 1940ರ ದಶಕದಿಂದ ಅದರಲ್ಲಿ 20 ಸಾವಿರ ಟನ್‌ಗೂ ಜಾಸ್ತಿ ರಾಸಾಯನಿಕ ತುಂಬಿ, ಮಣ್ಣು ಮುಚ್ಚಿ, 1953ರಲ್ಲಿ ಶಾಲಾ ಮಂಡಳಿಗೆ ಒಂದು ಡಾಲರ್‌ಗೆ ಕೊಟ್ಟುಬಿಟ್ಟಿತು. ಕೆಳಗೆ ರಾಸಾಯನಿಕ ಇದೆ ಅಂತ ಕ್ರಯಪತ್ರದಲ್ಲೇ ಬರೆದಿತ್ತು. ಆದರೂ ಅಲ್ಲಿ ಶಾಲೆ ಬಂತು, ಸುತ್ತ ಮನೆಗಳು ಬಂದವು. 1970ರ ದಶಕದ ಹೊತ್ತಿಗೆ ನೆಲಮಾಳಿಗೆಗಳಲ್ಲಿ ಅದೆಲ್ಲ ಜಿನುಗತೊಡಗಿತು. ಲೋಯಿಸ್ ಗಿಬ್ಸ್ ಎಂಬ ಗೃಹಿಣಿ ಅಕ್ಕಪಕ್ಕದವರನ್ನು ಸೇರಿಸಿ ಹಟ ಹಿಡಿದರು. 1978ರಲ್ಲಿ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು, ನೂರಾರು ಕುಟುಂಬ ಊರು ಬಿಟ್ಟವು. 1980ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನೇ ಸೂಪರ್‌ಫಂಡ್.

ಇದನ್ನು ನಡೆಸುವುದು ಇಪಿಎ, ಅಂದರೆ 1970ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪರಿಸರ ಸಂಸ್ಥೆ. ಕೆಟ್ಟ ಜಾಗ ಸಿಕ್ಕಿದರೆ ಪರೀಕ್ಷೆ ಮಾಡಿ 100ಕ್ಕೆ ಅಂಕ ಕೊಡುತ್ತಾರೆ. ನಮ್ಮ ಎಸ್ಸೆಸ್ಸೆಲ್ಸಿಗೆ 35 ಇದ್ದ ಹಾಗೆ ಅಲ್ಲಿ 28.5. ಪಾಸಾದರೆ ರಾಷ್ಟ್ರೀಯ ಆದ್ಯತಾ ಪಟ್ಟಿ ಸೇರಲು ಅರ್ಹತೆ. ನಮ್ಮ ಜಾಗ ಫೇಲಾಗಲಿ ಅಂತ ಹರಕೆ ಹೊರಬೇಕಾದ ಪರೀಕ್ಷೆ ಇದೊಂದೇ ಇರಬೇಕು! ದೇಶದಲ್ಲಿ ಇಂಥ ಜಾಗ 1,300ಕ್ಕೂ ಜಾಸ್ತಿ ಇವೆ. ಎಲ್ಲಕ್ಕಿಂತ ಹೆಚ್ಚು ಇರುವ ರಾಜ್ಯ ನ್ಯೂಜೆರ್ಸಿ. ಜಿಲ್ಲೆಗಳ ಲೆಕ್ಕದಲ್ಲಿ ಸಿಲಿಕಾನ್ ವ್ಯಾಲಿಯ ಸಾಂತಾ ಕ್ಲಾರಾ ಮೊದಲು, ಅದೊಂದರಲ್ಲೇ 20ಕ್ಕೂ ಜಾಸ್ತಿ. ನಮ್ಮವರು ಗುಂಪುಗುಂಪಾಗಿ ಮನೆ ಮಾಡಿರುವ ಎರಡು ಜಾಗಗಳೂ ಇವೇ ನೋಡಿ.

ಖರ್ಚು ಯಾರದು? ಕೆಡಿಸಿದವರದು. ಕೆಡಿಸಿದಾಗ ಅದು ಕಾನೂನುಬದ್ಧವಾಗಿತ್ತು ಅಂದರೂ ಬಿಡುವುದಿಲ್ಲ. ಅಷ್ಟೇ ಅಲ್ಲ, ಇವತ್ತಿನ ಮಾಲೀಕನನ್ನೂ ಹಿಡಿಯಬಹುದು. ಮನೆಯಲ್ಲಿ ವಾಸ ಇರುವವರು ಹೆದರಬೇಕಾಗಿಲ್ಲ. ತಾವೇ ಏನೂ ಸುರಿಯದಿದ್ದರೆ ಅವರ ಬೆನ್ನು ಹತ್ತುವುದಿಲ್ಲ ಅನ್ನುವುದು 1991ರಿಂದ ಇಪಿಎ ನೀತಿ. ಆದರೆ ಡ್ರೈಕ್ಲೀನಿಂಗ್ ಅಂಗಡಿ, ಹಳೆಯ ಗೋದಾಮು ಕೊಳ್ಳುವವರ ಮಾತು ಬೇರೆ. ಸಹಿಗೆ ಮೊದಲು ಫೇಸ್ ಒನ್ ಅನ್ನುವ ತನಿಖೆ ಮಾಡಿಸಲೇಬೇಕು. ಆ ಜಾಗದಲ್ಲಿ ಹಿಂದೆ ಏನಿತ್ತು ಅಂತ ಹಳೆಯ ನಕ್ಷೆ, ದಾಖಲೆ ಕೆದಕಿ ವರದಿ ಕೊಡುತ್ತಾರೆ. ಆಮೇಲೆ ಮಾಡಿಸಿದರೆ ಕಾನೂನಿನ ರಕ್ಷಣೆ ಸಿಗುವುದಿಲ್ಲ.

ಈಗ ನಮ್ಮ ಹುಡುಗನ ಮನೆ. ಸನ್ನಿವೇಲ್ ಇರುವುದೂ ಸಿಲಿಕಾನ್ ವ್ಯಾಲಿಯಲ್ಲೇ. ಸಿಲಿಕಾನ್ ವ್ಯಾಲಿಯ ಹಳೆಯ ಚಿಪ್ ಕಾರ್ಖಾನೆಗಳಲ್ಲಿ ಬಿಡಿಭಾಗಗಳ ಜಿಡ್ಡು ತೆಗೆಯಲು ಟಿಸಿಇ ಎಂಬ ದ್ರವ ಬಳಸುತ್ತಿದ್ದರು. ನೆಲದೊಳಗಿನ ಟ್ಯಾಂಕುಗಳು ಸೋರಿ ಅದು ಅಂತರ್ಜಲ ಸೇರಿತು. ಕಾರ್ಖಾನೆ ಹೋಗಿ ದಶಕಗಳಾದರೂ ಅದು ನೀರಿನ ಜೊತೆ ಬೀದಿಗಳ ಅಡಿ ಹರಡಿಕೊಂಡಿದೆ. ನಲ್ಲಿ ನೀರಿಗಿಂತ ಅಲ್ಲಿ ಚಿಂತೆ ಗಾಳಿಯದು. ಟಿಸಿಇ ಆವಿಯಾಗಿ ಅಡಿಪಾಯದ ಬಿರುಕಿನಿಂದ ಮನೆಯೊಳಗೆ ಬರಬಹುದು. ಅದು ಕ್ಯಾನ್ಸರ್‌ಕಾರಕ. ಹೊಟ್ಟೆಯಲ್ಲಿರುವ ಮಗುವಿನ ಹೃದಯಕ್ಕೂ ತೊಂದರೆ ಅನ್ನುವ ಆತಂಕ ಇರುವುದರಿಂದ ಗರ್ಭಿಣಿಯರಿದ್ದರೆ ಜಾಸ್ತಿ ಎಚ್ಚರ ಬೇಕು. ಪರಿಹಾರ ಮಾತ್ರ ಸರಳ. ನೆಲದ ಅಡಿಗೆ ಪೈಪು ಹಾಕಿ, ಫ್ಯಾನ್ ಕೂರಿಸಿ, ಆವಿಯನ್ನು ಚಾವಣಿ ಮೇಲಕ್ಕೆ ಬಿಡುತ್ತಾರೆ.

ಅವನಿಗೆ ಹೇಳಿದ್ದು ಇಷ್ಟು. ಇಪಿಎ ವೆಬ್‌ಸೈಟಿನಲ್ಲಿ ಆ ಜಾಗದ ಹೆಸರು ಹಾಕು. ಐದು ವರ್ಷಕ್ಕೊಮ್ಮೆ ಮಾಡುವ ಪರಿಶೀಲನಾ ವರದಿ ಇರುತ್ತದೆ. ಅದರ ನಕ್ಷೆಯಲ್ಲಿ ಕೆಟ್ಟ ನೀರು ಎಲ್ಲಿಯವರೆಗೆ ಬಂದಿದೆ ಅಂತ ಗೆರೆ ಎಳೆದಿರುತ್ತಾರೆ. ನಿನ್ನ ಬೀದಿ ಗೆರೆಯ ಒಳಗಾ, ಹೊರಗಾ ನೋಡು. ಮನೆಯೊಳಗಿನ ಗಾಳಿ ಪರೀಕ್ಷೆ ಆಗಿದ್ದರೆ ವರದಿ ಕೇಳು. ಸಣ್ಣ ಜಾಗಗಳು ಈ ಪಟ್ಟಿಯಲ್ಲಿ ಇರುವುದಿಲ್ಲ, ಅವುಗಳಿಗೆ ಕ್ಯಾಲಿಫೋರ್ನಿಯಾ ರಾಜ್ಯದ ಎನ್ವಿರೋಸ್ಟಾರ್, ಜಿಯೋಟ್ರ್ಯಾಕರ್ ನೋಡಬೇಕು. ಏಜೆಂಟಿನ ಮಾತು ಕೇಳಿಕೋ, ಆದರೆ ಮನೆ ಮಾರಾಟವಾದರೇ ಅವನಿಗೆ ಕಮಿಷನ್ ಅನ್ನುವುದು ನೆನಪಿರಲಿ.

ನ್ಯೂಜೆರ್ಸಿಯವರಿಗೆ ಬೇರೆ ಕಾಟ. ಹಳೆಯ ಮನೆಗಳನ್ನು ಬೆಚ್ಚಗಿಡುವ ಎಣ್ಣೆಗೆ ಅಂಗಳದಲ್ಲೇ ಟ್ಯಾಂಕ್ ಹೂತಿರುತ್ತಿದ್ದರು. ಗ್ಯಾಸ್ ಬಂದ ಮೇಲೆ ಟ್ಯಾಂಕ್ ಮರೆತೇಹೋಯಿತು, ಸೋರುವುದು ಮಾತ್ರ ನಿಲ್ಲಲಿಲ್ಲ. ನಾನು ಪೆಟ್ಟು ತಿಂದದ್ದು ಇಲ್ಲೇ. ಕೊಳ್ಳುವಾಗ ಇನ್‌ಸ್ಪೆಕ್ಷನ್ ಆಯಿತು ಅಂತ ನಿಶ್ಚಿಂತೆಯಿಂದ ಇದ್ದೆ. ಮಾಮೂಲಿ ಇನ್‌ಸ್ಪೆಕ್ಷನ್‌ನಲ್ಲಿ ಹೂತ ಟ್ಯಾಂಕ್ ಹುಡುಕುವುದಿಲ್ಲ ಅಂತ ಮಾರುವಾಗ ಗೊತ್ತಾಯಿತು. ಕೊಳ್ಳಲು ಬಂದವರು ಹುಡುಕಿಸಿದರು, ಸಿಕ್ಕಿತು. ಅಗೆಸಿ, ಮಣ್ಣು ತೆಗೆಸುವಷ್ಟರಲ್ಲಿ ಎರಡು ತಿಂಗಳು ಹೋಯಿತು. ಟ್ಯಾಂಕ್ ಸ್ವೀಪ್ ಅಂತ ಪ್ರತ್ಯೇಕವಾಗಿ ಕೇಳಿ ಮಾಡಿಸಿ, ದೊಡ್ಡ ಖರ್ಚೇನೂ ಅಲ್ಲ.

ದೂರು ಕೊಡುವ ವಿಷಯದಲ್ಲಿ ನಮ್ಮವರು ಸುಮ್ನೆ ಹೆದರುತ್ತಾರೆ. "ವೀಸಾದಲ್ಲಿದ್ದೀವಿ, ಯಾಕೆ ಬೇಕು?" ಅಂತ. ಶುದ್ಧೀಕರಣದ ಯೋಜನೆ ಬಂದಾಗ ಕನಿಷ್ಠ 30 ದಿನ ಜನರ ಅಭಿಪ್ರಾಯ ಕೇಳುತ್ತಾರೆ. ಅದಕ್ಕೆ ಸಿಟಿಜನ್ ಆಗಿರಬೇಕಿಲ್ಲ. ಬರೆದ ಮುಖ್ಯ ಆಕ್ಷೇಪಗಳಿಗೆ ಲಿಖಿತ ಉತ್ತರವೂ ಕೊಡಬೇಕು. ಬಡಾವಣೆಯವರು ಸಂಘ ಮಾಡಿಕೊಂಡರೆ, ವರದಿ ಓದಿ ಹೇಳುವ ತಜ್ಞರನ್ನು ನೇಮಿಸಿಕೊಳ್ಳಲು 50,000 ಡಾಲರ್‌ವರೆಗೆ ನೆರವೂ ಇದೆ. ಎಣ್ಣೆ, ರಾಸಾಯನಿಕ ಚೆಲ್ಲಿದ್ದು ಕಂಡರೆ ಹಗಲು ರಾತ್ರಿ 1-800-424-8802ಕ್ಕೆ ಹೇಳಬಹುದು. ಕಾರ್ಖಾನೆ ತಪ್ಪು ಮಾಡಿತ್ತಾ, ದಂಡ ಬಿತ್ತಾ ಅಂತ ಇಪಿಎಯ ಎಕೋ ಎಂಬ ತಾಣದಲ್ಲಿ ನೋಡಬಹುದು. ಹಾಗಂತ ಎಲ್ಲ ಬೇಗ ಆಗುತ್ತದೆ ಅಂದುಕೊಳ್ಳಬೇಡಿ. ಪಟ್ಟಿ ಸೇರಿ ಮೂವತ್ತು ವರ್ಷ ದಾಟಿದರೂ ಕೆಟ್ಟ ಅಂತರ್ಜಲವನ್ನು ಶುದ್ಧ ಮಾಡಲು ಪಂಪ್ ಮಾಡುತ್ತಲೇ ಇರುವ ಜಾಗಗಳಿವೆ.

ಹುಡುಗ ನಕ್ಷೆ ಕಳಿಸಿದ್ದಾನೆ. ಅವನು ನೋಡಿದ ಮನೆ ಗೆರೆಯಿಂದ ಎರಡು ಬೀದಿ ಆಚೆ. ಆದರೂ ಗಾಳಿ ಪರೀಕ್ಷೆ ಮಾಡಿಸಿ ಅಂತ ಕೇಳಿದ್ದಾನೆ. ತಂಗಿ ಮಾತ್ರ ದಿನಾ ಫೋನ್ ಮಾಡಿ, ಗೃಹಪ್ರವೇಶಕ್ಕೆ ಟಿಕೆಟ್ ಬುಕ್ ಮಾಡ್ಲಾ ಅಂತಾಳೆ. ಗಾಳಿ ರಿಪೋರ್ಟ್ ಬರಲಿ ತಡಿಯೇ ಅಂದಿದ್ದೇನೆ.