ಒಲೆಗಿಂತ ಮೊದಲು ಸೌದೆ

ಅಮೆರಿಕದ ವರ್ಮಾಂಟಿನ ನಮ್ಮ ಮನೆಗೆ, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಸೌದೆ ಒಲೆ ತಂದಾಗ ನನಗೆ ಸ್ವಲ್ಪ ಜಂಬವೇ ಇತ್ತು. ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಲೇ ಬೆಳೆದವನಿಗೆ ಬೆಂಕಿಯ ವಿಷಯ ಯಾರು ಹೇಳಿಕೊಡಬೇಕು?

ಮನೆ 1,200 ಚದರ ಅಡಿ. ತಂದದ್ದು ಅದರ ಎರಡರಷ್ಟು ಜಾಗಕ್ಕೆ ಸಾಕಾಗುವ ಒಲೆ. ಬೆಂಕಿ ಚೆನ್ನಾಗಿ ಹಿಡಿದರೆ ಕೂರಲಾಗದಷ್ಟು ಸೆಕೆ. ಹಾಗಾಗಿ ಗಾಳಿಯ ಕಿಂಡಿ ಮುಚ್ಚಿ, ಹಂಡೆಯ ಒಲೆಗೆ ಕುಂಟೆ ನೂಕಿ ಬಿಟ್ಟಂತೆ ರಾತ್ರಿಯಿಡೀ ಹೊಗೆಯಾಡಲು ಬಿಡುತ್ತಿದ್ದೆ. ಊರಿನಲ್ಲಿ ಆ ಹೊಗೆ ಹಂಚಿನ ಸಂದಿಯಿಂದ ಹೋಗುತ್ತಿತ್ತು, ಹೆಚ್ಚೆಂದರೆ ಇಲ್ಲಣ ಕಟ್ಟುತ್ತಿತ್ತು. ಇಲ್ಲಿ ಅದು ತಣ್ಣನೆಯ ಚಿಮಣಿಯ ಒಳಮೈಗೆ ಟಾರಿನಂತೆ ಅಂಟುತ್ತದೆ. ಕ್ರಿಯೊಸೋಟ್ ಎನ್ನುತ್ತಾರೆ. ಕಿಡಿ ತಗುಲಿದರೆ ಚಿಮಣಿಯೇ ಹೊತ್ತಿಕೊಳ್ಳುತ್ತದೆ. ಚಳಿ ಮುಗಿದ ಮೇಲೆ ಚಿಮಣಿ ಗುಡಿಸಲು ಬಂದವರು ಗಾಜಿನಂತೆ ಹೊಳೆಯುವ ಕಪ್ಪು ಚೂರುಗಳನ್ನು ನನ್ನ ಕೈಗಿಟ್ಟು, ‘ಸೌದೆ ಯಾವಾಗ ಸೀಳಿದ್ದು?’ ಎಂದಷ್ಟೇ ಕೇಳಿದರು.

ಅಕ್ಟೋಬರಿನಲ್ಲಿ ಕೊಂಡ ಮೇಪಲ್ ಅದು, ಎರಡು ಕಾರ್ಡ್. ಒತ್ತಾಗಿ ಪೇರಿಸಿದ 128 ಘನ ಅಡಿ ಸೌದೆಗೆ ಒಂದು ಕಾರ್ಡ್ ಎಂದು ಲೆಕ್ಕ. ಒಣಗಿದೆ ಎಂದು ಮಾರಿದ್ದರು, ನಾನು ನಂಬಿದ್ದೆ. ಉಳಿದಿದ್ದ ತುಂಡೊಂದನ್ನು ಮತ್ತೆ ಸೀಳಿ ಒಳಮೈಗೆ ತೇವದ ಮೀಟರ್ ಚುಚ್ಚಿದರೆ ಶೇಕಡ 28! ಇರಬೇಕಾದದ್ದು 20ಕ್ಕಿಂತ ಕಡಿಮೆ. ಹೊರಮೈಗೆ ಚುಚ್ಚಿ ಮೋಸಹೋಗಬೇಡಿ, ಅದು ಬೇಗ ಒಣಗಿರುತ್ತದೆ.

ದೊಡ್ಡ ಒಲೆಯನ್ನು ಮಾರಿ ಚಿಕ್ಕದನ್ನು ತಂದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎಯ 2020ರ ನಿಯಮದ ಪ್ರಕಾರ ಹೊಸ ಒಲೆ ಗಂಟೆಗೆ ಹೆಚ್ಚೆಂದರೆ 2.5 ಗ್ರಾಂ ಹೊಗೆಕಣ ಬಿಡಬಹುದು. ಆದರೆ ಹಸಿ ಸೌದೆ ತುರುಕಿದರೆ ಒಲೆಗೆ ಸಿಕ್ಕ ಆ ನಿಯಮದ ಪ್ರಮಾಣಪತ್ರ ಗೋಡೆಗೆ ಅಂಟಿಸಲೂ ಲಾಯಕ್ಕಿಲ್ಲ. ಈಗ ಸೌದೆಯನ್ನು ವರ್ಷ ಮೊದಲೇ ಒಟ್ಟುತ್ತೇನೆ: ಮೇಲೆ ತಗಡು, ಪಕ್ಕಗಳು ಗಾಳಿಗೆ ಬಯಲು. ಓಕ್ ಆದರೆ ಎರಡು ವರ್ಷ ಕಾಯುತ್ತೇನೆ. ಬೆಂಕಿ ಹಚ್ಚುವುದೂ ತಲೆಕೆಳಗು. ದಪ್ಪ ಸೌದೆ ಅಡಿಗೆ, ಚಕ್ಕೆ ಮೇಲೆ. ಅಡಿಯಿಂದ ಏಳುವ ಹೊಗೆ ಮೇಲಿನ ಜ್ವಾಲೆಯನ್ನು ಹಾಯುವಾಗ ಉರಿದುಹೋಗುತ್ತದೆ, ಚಿಮಣಿಯೂ ಬೇಗ ಬಿಸಿಯಾಗಿ ಎಳೆಯತೊಡಗುತ್ತದೆ. ಅಜ್ಜಿ ನೋಡಿದ್ದರೆ ಊದುಗೊಳವೆಯಲ್ಲೇ ಬಡಿಯುತ್ತಿದ್ದರು.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಒಲೆ ಹಚ್ಚುವುದಿಲ್ಲ. ಬೂದಿ ಮುಚ್ಚಳವಿರುವ ಲೋಹದ ಬಕೆಟ್ಟಿನಲ್ಲಿ ಮನೆಯಿಂದ ದೂರ ಕೂರುತ್ತದೆ, ಅದರೊಳಗೆ ಕೆಂಡ ದಿನಗಟ್ಟಲೆ ಜೀವಂತವಿರುತ್ತದೆ. ಒಂದು ಚಿಟಿಕೆ ಬೂದಿಯನ್ನು ಮಾತ್ರ ತಣಿದ ಮೇಲೆ ಎತ್ತಿಟ್ಟುಕೊಳ್ಳುತ್ತೇನೆ. ಒದ್ದೆ ಪೇಪರಿಗೆ ಹಚ್ಚಿ ಉಜ್ಜಿದರೆ ಒಲೆಯ ಗಾಜಿನ ಮಸಿ ಸಲೀಸಾಗಿ ಬಿಡುತ್ತದೆ. ಊರಿನಲ್ಲಿ ಪಾತ್ರೆ ತಿಕ್ಕಿದ ಕೈಗೆ ಇದೊಂದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.